ಕನ್ನಡಿಯೊಳಗಿನ ಪಂದ್ಯ

ಆಗಸ್ಟ್ 13

ಅಪ್ಪಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕೈಯೆಲ್ಲ ಸೋಪು, ಫೋನು ಸ್ಪೀಕರಿನಲ್ಲಿ, ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ನಿನಗಿಂತ ಮೊದಲು ಉತ್ತರ ಕೊಡುತ್ತಾರೆ. ಹೋದ ಸಲ ನನಗೆ ಜ್ವರ ಅಂದದ್ದಕ್ಕೆ ಟೈಲರ್ ಚಿಕ್ಕಪ್ಪ ಒಂದು ಔಷಧಿ ಹೇಳಿದರು, ಡ್ರೈವರ್ ಮಾವ ಅದು ಕುದುರೆಗೆ ಕೊಡೋದು ಅಂದರು. ಅವರಿಬ್ಬರ ಜಗಳ ಮುಗಿಯುವ ಹೊತ್ತಿಗೆ ನನ್ನ ಜ್ವರವೇ ಬಿಟ್ಟಿತ್ತು. ಅದಕ್ಕೇ ಕಾಗದ.

ನನಗೆ ಕೆಲಸ ಸಿಕ್ಕಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನೇರವಾಗಿ ಹೇಳುತ್ತೇನೆ. ಈ ಸಲ ನಿಮ್ಮ ಫುಟ್‌ಬಾಲ್ ಪಂದ್ಯಗಳನ್ನೆಲ್ಲ ಕೊಂಡುಕೊಂಡು, ಚಂದಾ ಕಟ್ಟಿದವರಿಗೆ ಮಾತ್ರ ತೋರಿಸುವ ಚಾನೆಲ್ ಇದೆಯಲ್ಲ, ಅದೇ ಕಂಪನಿಯಲ್ಲಿ.

ಪಂದ್ಯದ ಹೊತ್ತಿಗೆ ಬೀದಿ ಬೀದಿ ತಿರುಗುವುದು ನನ್ನ ಕೆಲಸ. ಎಲ್ಲಿ ಟಿವಿಯಲ್ಲಿ ಆಟ ಓಡುತ್ತಿದೆಯೋ ಅಲ್ಲಿ ಗಿರಾಕಿಯ ಹಾಗೆ ಹೋಗಿ ಕೂರುವುದು. ಮನೆಯಲ್ಲಿ ನೋಡುವುದಕ್ಕೆ ಒಂದು ದರ, ಅಂಗಡಿಯಲ್ಲಿ ನಾಲ್ಕು ಜನಕ್ಕೆ ತೋರಿಸುವುದಕ್ಕೆ ಅದರ ಹಲವು ಪಟ್ಟು. ಮನೆಯ ಸೆಟ್-ಟಾಪ್ ಪೆಟ್ಟಿಗೆಯನ್ನು ತಂದು ಅಂಗಡಿಯಲ್ಲಿ ಹಾಕಿದವರನ್ನು ನಾವು ಬರೆದುಕೊಂಡು ಬರಬೇಕು. ಹನ್ನೊಂದನೇ ತರಗತಿಯ ಬೆಂಚಿನಲ್ಲಿ ಕೂರಲಾರದೆ ಎದ್ದು ಬಂದ ಕಾಲುಗಳಿಗೆ ಕೊನೆಗೂ ಸಂಬಳ ಬರುತ್ತಿದೆ.

ನಿನಗೆ ಕೋಪ ಬರುತ್ತದೆ ಅಂತ ಗೊತ್ತು. ಬರಲಿ. ಮುಚ್ಚಿಟ್ಟು ಆಮೇಲೆ ಬೇರೆಯವರ ಬಾಯಿಂದ ನಿನಗೆ ತಿಳಿಯುವುದಕ್ಕಿಂತ ಇದು ವಾಸಿ.

ನೀನಿಟ್ಟ ಹೆಸರಿನವಳು,
ಗಾಳಿ


ಆಗಸ್ಟ್ 26

ಗಾಳಿ,

ಕಾಗದ ಬಂತು. ಕೋಪ ಬಂತೋ ಇಲ್ಲವೋ ಅಂತ ನೋಡಿಕೊಳ್ಳಲು ಎರಡು ವಾರ ತೆಗೆದುಕೊಂಡೆ. ಬಂದಿದೆ. ಆದರೆ ಬಂದದ್ದು ನಿನ್ನ ಮೇಲೋ ಕಂಪನಿಯ ಮೇಲೋ, ಬೇರೆ ಮಾಡಲು ಆಗುತ್ತಿಲ್ಲ.

ಇಲ್ಲಿಯ ಕಥೆ ಕೇಳು. ಶನಿವಾರ ಅಂಗಡಿಗೆ ಎಲ್ಲರೂ ಬಂದರು, ಎಂದಿನಂತೆ. ಟಿವಿ ಹಾಕಿದರೆ ನೀಲಿ ಪರದೆ, ಅದರ ಮೇಲೆ ‘ಚಂದಾದಾರರಾಗಿ’ ಅಂತ ಒಂದು ಸಾಲು. ಇವರು ಆ ಸಾಲನ್ನೇ ಅರ್ಧ ಗಂಟೆ ನೋಡಿದರು. ಟೈಲರು ಅಂದ, “ಗೋಲ್‌ಕೀಪರು ಚೆನ್ನಾಗಿ ಆಡ್ತಿದಾನೆ, ಇನ್ನೂ ಒಂದೂ ಬಿಟ್ಟಿಲ್ಲ.” ಯಾರೂ ನಗಲಿಲ್ಲ.

ನಿನ್ನ ಡ್ರೈವರ್ ಮಾವ ಕಂಪನಿಗೆ ಫೋನ್ ಹಚ್ಚಿದರು. ಒಂದನ್ನು ಒತ್ತಿ ಅಂತು, ಒತ್ತಿದರು. ಎರಡನ್ನು ಒತ್ತಿ ಅಂತು, ಒತ್ತಿದರು. ಆಮೇಲೆ ಬರೀ ಸಂಗೀತ. “ಮೂವತ್ತು ವರ್ಷ ಬಸ್ಸು ಓಡಿಸಿದೀನಿ, ಒಬ್ಬ ಪ್ರಯಾಣಿಕನ್ನೂ ಇಷ್ಟು ಹೊತ್ತು ನಿಲ್ಲಿಸಿಲ್ಲ” ಅಂತ ಫೋನಿಗೇ ಹೇಳಿದರು. ಕೊನೆಗೆ ಒಂದು ಹುಡುಗಿ ಸಿಕ್ಕಿದಳು. ಲೀಗು ನಮ್ಮಲ್ಲಿ, ಕಪ್ ಪಂದ್ಯ ಇನ್ನೊಬ್ಬರಲ್ಲಿ, ದೇಶದ ತಂಡ ಆಡುವುದು ಮತ್ತೊಬ್ಬರಲ್ಲಿ ಅಂದಳು. ಮಾವ, “ಚೆಂಡು ಯಾರಲ್ಲಿದೆ ತಾಯಿ?” ಅಂದರು.

ನಗು ಬಂತು. ಆದರೆ ಒಂದು ಮಾತು. ಈ ಜನ ಮನೆಯಲ್ಲಿ ಆಟ ನೋಡುವವರಲ್ಲ. ಮನೆಯಲ್ಲಿ ಜಾಗ ಇಲ್ಲ, ಜೊತೆ ಇಲ್ಲ. ಕುರ್ಚಿಯಲ್ಲಿ ಕೂತು, ಹಿಂದಿನ ಗೋಡೆಯ ಟಿವಿಯನ್ನು ಮುಂದಿನ ಕನ್ನಡಿಯಲ್ಲಿ ನೋಡಿ, ನಮ್ಮ ತಂಡದ ಬಲಗಾಲಿನ ಆಟಗಾರನನ್ನು ಎಡಗಾಲಿನವನು ಅಂತ ಹತ್ತು ವರ್ಷ ವಾದ ಮಾಡಿದವರು. ಅವರಿಗೆ ಆಟ ಅಂದರೆ ಈ ಕನ್ನಡಿ. ಈಗ ಶನಿವಾರ ಬಂದರೂ ಗಡ್ಡ ಬೋಳಿಸಿಕೊಂಡು ಹೊರಟುಹೋಗುತ್ತಾರೆ. ನನ್ನ ಕಸುಬು ಶುರುವಾದಾಗಿನಿಂದ ಇಷ್ಟು ಬೇಗ ಯಾರೂ ಎದ್ದು ಹೋದದ್ದಿಲ್ಲ.

ಇರಲಿ. ಒಂದು ಕೇಳಬೇಕು. ಮನೆಯ ಪೆಟ್ಟಿಗೆ ಯಾವುದು, ಅಂಗಡಿಯ ಪೆಟ್ಟಿಗೆ ಯಾವುದು, ಬರೀ ಪರದೆ ನೋಡಿ ನಿಮಗೆ ಹೇಗೆ ಗೊತ್ತಾಗುತ್ತದೆ? ಸುಮ್ಮನೆ ಕೇಳಿದೆ.

ಅಪ್ಪ


ಸೆಪ್ಟೆಂಬರ್ 4

ಅಪ್ಪಾ,

ನೀನು ಸುಮ್ಮನೆ ಏನನ್ನೂ ಕೇಳುವವನಲ್ಲ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ. ಅಂಗಡಿಯ ಚಂದಾ ಕಟ್ಟಿದವರ ಪರದೆಯಲ್ಲಿ ಬಲಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ಬಿಳಿ ಗಂಟೆಯ ಗುರುತು ಇರುತ್ತದೆ. ಹೆಬ್ಬೆರಳಿನ ಉಗುರಿನಷ್ಟು. ಮನೆಯ ಚಂದಾದಲ್ಲಿ ಅದು ಇರುವುದಿಲ್ಲ. ಅಷ್ಟೇ.

ಕಳೆದ ವಾರ ಒಂದು ಸೈಕಲ್ ರಿಪೇರಿ ಅಂಗಡಿಗೆ ಹೋಗಿದ್ದೆ. ಗಾಳಿ ಹಾಕುವ ಪಂಪಿನ ಪಕ್ಕದಲ್ಲಿ ಸಣ್ಣ ಟಿವಿ, ಅದರ ಮುಂದೆ ಡಬ್ಬಗಳ ಮೇಲೆ ಕೂತ ಆರೇಳು ಜನ. ಗಂಟೆ ಇರಲಿಲ್ಲ. ಅಂಗಡಿಯ ಮುದುಕ ನನಗೆ ತಾನು ಕೂತಿದ್ದ ಸ್ಟೂಲು ಕೊಟ್ಟು ನಿಂತುಕೊಂಡ. “ನೀನು ಯಾವ ಕಡೆಯವಳಮ್ಮಾ?” ಅಂದ. ಯಾವ ತಂಡದ ಕಡೆ ಅಂತ. ಅವನ ಚಹಾ ಕುಡಿದು, ಹೊರಗೆ ಬಂದು, ಅವನ ಅಂಗಡಿ ಬರೆದುಕೊಂಡೆ.

ನಿಯಮ ಅಂದರೆ ನಿಯಮ ಅಂತ ನಾನು ಇವತ್ತಿಗೂ ಅನ್ನುತ್ತೇನೆ. ಆಟ ಆಡಿಸುವುದಕ್ಕೆ ಖರ್ಚಿದೆ, ಕದ್ದು ನೋಡಿದರೆ ಕದ್ದದ್ದೇ. ಆದರೆ ಆ ಸ್ಟೂಲು ಬೆಚ್ಚಗಿತ್ತು. ಅದನ್ನು ಎಲ್ಲಿ ಬರೆಯಬೇಕೋ ಗೊತ್ತಾಗಲಿಲ್ಲ.

ಗಾಳಿ


ಸೆಪ್ಟೆಂಬರ್ 30

ಗಾಳಿ,

ಶನಿವಾರ ನೋಡಬೇಕಿತ್ತು ನೀನು. ಬೆಂಚು ಸಾಲದೆ ಟೈಲರು ತನ್ನ ಮೆಷಿನ್ನಿನ ಸ್ಟೂಲು ತಂದ. ಕುರ್ಚಿಯಲ್ಲಿದ್ದವನ ಅರ್ಧ ಗಡ್ಡ ತೆಗೆದಿದ್ದೆ, ನಮ್ಮವರು ಗೋಲು ಹೊಡೆದರು, ಉಳಿದರ್ಧ ಬಿಟ್ಟೇ ಅವನು ಬೀದಿಗೆ ಓಡಿ ಕುಣಿದು ಬಂದ.

ಹೇಗೆ ಅಂತ ಕೇಳಬೇಡ. ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ನೀನು ಬರೆಯಬೇಕಾಗುತ್ತದೆ.

ಡ್ರೈವರ್ ಮಾವನ ಮನೆಯಲ್ಲಿ ಎಲ್ಲರೂ ಕ್ಷೇಮ. ಅತ್ತೆಗೆ ಈಗ ಎದ್ದು ಓಡಾಡಲು ಆಗುವುದಿಲ್ಲ, ಮಲಗಿದಲ್ಲೇ ಟಿವಿ ನೋಡುತ್ತಾರೆ. ಹಳೆಯ ಹಾಡುಗಳು ಬರುತ್ತವಂತೆ ದಿನವಿಡೀ. ಶನಿವಾರ ಸಂಜೆ ಮಾತ್ರ ಎರಡು ಗಂಟೆ ಟಿವಿ ಇಲ್ಲದೆ ಇರುತ್ತಾರೆ, ಮಾವನ ಸಂತೋಷಕ್ಕೆ.

ಅಪ್ಪ


ಅಕ್ಟೋಬರ್ 15

ಅಪ್ಪಾ,

ನಾನು ಕೇಳಲಿಲ್ಲ. ನೀನು ಹೇಳದಿದ್ದರೂ ಎಲ್ಲ ಬರೆದಿದ್ದೀಯ. ಮಾವ ಶನಿವಾರ ಮನೆಯ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ನಿನ್ನ ಅಂಗಡಿಗೆ ಬರುತ್ತಾರೆ. ಗಂಟೆಯ ವಿಷಯ ನಿನಗೆ ಹೇಳಿದ್ದು ನಾನು. ಹತ್ತು ದಿನದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇರೆಯವರ ಅಂಗಡಿಗಳನ್ನು ಬರೆಯುತ್ತಿದ್ದೇನೆ. ಬರೆಯುವಾಗ ಕೈ ಮೊದಲಿನಂತೆ ಓಡುತ್ತಿಲ್ಲ.

ಈಗ ನಡೆದದ್ದನ್ನು ಕೇಳು. ನಿನ್ನೆ ನಮ್ಮ ಮೇಲಧಿಕಾರಿ ಮೇಡಂ ಈ ವಾರದ ಬೀದಿಗಳನ್ನು ಹಂಚಿದರು. ನನ್ನ ಪಾಲಿಗೆ ನಮ್ಮೂರು, ಅದರಲ್ಲೂ ನಮ್ಮ ಬೀದಿ ಬಂತು.

“ಈ ಬೀದಿ ನನಗೆ ಬೇಡ ಮೇಡಂ” ಅಂದೆ.

“ಯಾಕೆ, ಬಸ್ಸು ದೂರಾನಾ?”

“ಅಲ್ಲಿ ನಮ್ಮಪ್ಪನ ಕಟಿಂಗ್ ಅಂಗಡಿ ಇದೆ.”

“ಟಿವಿ ಇದೆಯಾ?”

“ಇದೆ.”

“ಪಂದ್ಯ ಹಾಕ್ತಾರಾ?”

“ನಾನು ಕೇಳಿಲ್ಲ.”

ಮೇಡಂ ನನ್ನ ಮುಖ ನೋಡಿ ನಕ್ಕರು. “ಗೊತ್ತಾಯ್ತು ಬಿಡು. ಒಳ್ಳೇ ಹುಡುಗಿ ನೀನು” ಅಂದರು. ಆ ಮಾತು ಬಾಯಿಗೆ ಸಿಕ್ಕ ಕೂದಲಿನ ಹಾಗೆ ಇನ್ನೂ ಹೋಗಿಲ್ಲ. ಹಾಕಲ್ಲ ಅಂತ ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಇಲ್ಲವೇ ಬಾಯಿ ಮುಚ್ಚಿಕೊಂಡು ಆ ಬೀದಿಯನ್ನು ತೆಗೆದುಕೊಂಡು ನಿನ್ನ ಅಂಗಡಿಯ ಮುಂದೆ ತಲೆ ತಗ್ಗಿಸಿ ದಾಟಿದ್ದರೆ ಸಾಕಿತ್ತು. ನಾನು ನೆಟ್ಟಗಿರಲು ಹೋಗಿ ನಿನ್ನನ್ನು ತೋರಿಸಿಕೊಟ್ಟೆ.

ಶನಿವಾರ ನನ್ನ ಬದಲು ಮುಳ್ಳು ಬರುತ್ತಾನೆ. ನಾವೆಲ್ಲ ಅವನನ್ನು ಕರೆಯುವುದೇ ಹಾಗೆ. ಬೆಳ್ಳಗೆ, ಸಣ್ಣಗೆ, ಎಡ ಹುಬ್ಬಿನ ಮೇಲೆ ಗಾಯದ ಗುರುತು. ಪೆಟ್ಟಿಗೆ ಸಿಕ್ಕರೆ ಅದು ಯಾರ ಹೆಸರಿನಲ್ಲಿದೆಯೋ ಅವರ ಸಂಪರ್ಕ ಕಿತ್ತುಹಾಕುತ್ತಾರೆ, ಮತ್ತೆ ಕೊಡುವುದಿಲ್ಲ.

ಇದನ್ನು ನಿನಗೆ ಹೇಳುವುದು ಕೆಲಸಕ್ಕೆ ಮಾಡುವ ದ್ರೋಹ. ಹೇಳದಿರುವುದು ನಿನಗೆ ಮಾಡುವ ದ್ರೋಹ. ಫೋನ್ ಮಾಡಿದರೆ ಖಂಡಿತ ತಲುಪುತ್ತದೆ. ಕಾಗದವಾದರೆ ಶುಕ್ರವಾರಕ್ಕೆ ಬಂದರೂ ಬಂತು, ಬರದಿದ್ದರೂ ಇಲ್ಲ. ನಾನು ಕಾಗದ ಬರೆದೆ. ಭಾರವನ್ನು ಅಂಚೆಯವನ ತಲೆಗೆ ಕಟ್ಟಿದೆ. ಇಂಥ ಜಾಣತನ ನನ್ನಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ.

ಗಾಳಿ


ಅಕ್ಟೋಬರ್ 21

ಗಾಳಿ,

ನಿನ್ನ ಕಾಗದ ಇವತ್ತು ಸೋಮವಾರ ಬಂತು. ತಡವಾಯಿತು. ಅಂಚೆಯವನನ್ನು ಬೈದು ಏನು ಪ್ರಯೋಜನ.

ಹುಡುಗ ಶನಿವಾರ ಬಂದಿದ್ದ. ನಡೆದದ್ದನ್ನು ಹೇಳುತ್ತೇನೆ, ನಗಬೇಕೆನಿಸಿದರೆ ನಕ್ಕುಬಿಡು. ನೀನು ಬರೆದ ಗಂಟೆಯನ್ನು ಟೈಲರು ಬಿಳಿ ರೆಕ್ಸಿನ್ನಿನಲ್ಲಿ ಕತ್ತರಿಸಿ ಕೊಟ್ಟಿದ್ದ. ಎಷ್ಟು ನಾಜೂಕು ಅಂದರೆ ಅಂಚಿಗೆ ಹೊಲಿಗೆ ಹಾಕಲೇ ಅಂತ ಕೇಳಿದ್ದ. ಪರದೆಗೆ ಅಂಟಿಸಲು ನಾನು ಸ್ಟೂಲು ಹತ್ತಿ ನಿಂತೆ. ಟೈಲರು ಕುರ್ಚಿಯಲ್ಲಿ ಕಾಲು ಚಾಚಿ ಕನ್ನಡಿ ನೋಡುತ್ತ, “ಅಲ್ಲಲ್ಲ, ಆ ಕಡೆ, ಆ ಕಡೆ, ಬಲಮೂಲೆ ಅಂತ ಹುಡುಗಿ ಬರೆದಿಲ್ವಾ” ಅಂದ. ನಾನು ಮೊದಲು ಸರಿಯಾಗೇ ಇಟ್ಟಿದ್ದೆ. ಅವನ ಮಾತು ಕೇಳಿ ತೆಗೆದು ಆ ಕಡೆ ಅಂಟಿಸಿದೆ. ಕನ್ನಡಿಯಲ್ಲಿ ಬಲಕ್ಕೇ ಇತ್ತು. ಟಿವಿಯಲ್ಲಿ ಎಡಕ್ಕೆ. ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ ನೋಡು, ಇಷ್ಟು ವರ್ಷ ಕನ್ನಡಿಯಲ್ಲೇ ಆಟ ನೋಡಿದ ಫಲ.

ನಿಮ್ಮ ಹುಡುಗ ಗಡ್ಡ ತೆಗೆಯಿರಿ ಅಂತ ಕೂತ. ಕನ್ನಡಿಯಲ್ಲಿ ಗಂಟೆ ನೋಡಿದ. ಮೂಲೆ ಸರಿಯಾಗಿದೆ, ಅವನಿಗೆ ಸಮಾಧಾನ. ಮುಖ ಒರೆಸಿಕೊಂಡು, ದುಡ್ಡು ಕೊಟ್ಟು, ಹೊರಡಲು ತಿರುಗಿದ. ತಿರುಗಿದವನು ಹಾಗೇ ನಿಂತ. ಟಿವಿ ನೋಡಿದ, ಕನ್ನಡಿ ನೋಡಿದ, ಮತ್ತೆ ಟಿವಿ ನೋಡಿದ. ಹತ್ತಿರ ಹೋಗಿ ಉಗುರಿನಿಂದ ಗಂಟೆ ಕಿತ್ತ. ಟೈಲರು, “ನಿಧಾನ, ಒಳ್ಳೇ ರೆಕ್ಸಿನ್ನು” ಅಂದುಬಿಟ್ಟ.

ಪೆಟ್ಟಿಗೆ ತೆಗೆದುಕೊಂಡು ಹೋದರು. ನನ್ನ ಟಿವಿ ಇದೆ, ಒಂದು ಬಟ್ಟೆ ಹೊದಿಸಿದ್ದೇನೆ. ಮಾವನ ಮನೆಯಲ್ಲಿ ಸಂಪರ್ಕ ಹೋಯಿತು. ಅವರು ಯಾರನ್ನೂ ಏನೂ ಅನ್ನಲಿಲ್ಲ. ಖಾಲಿ ಚೀಲವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ನಡೆದುಕೊಂಡು ಹೋದರು.

ನೀನು ಕೆಲಸ ನೋಡಿಕೋ.

ಅಪ್ಪ


ಅಕ್ಟೋಬರ್ 28

ಅಪ್ಪಾ,

ನಾನು ನಗಲಿಲ್ಲ. ಇಲ್ಲಿ ಆಫೀಸಿನಲ್ಲಿ ಎಲ್ಲರೂ ನಕ್ಕರು, ಮುಳ್ಳು ಒಬ್ಬನನ್ನು ಬಿಟ್ಟು. ಅವನು ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಒಂದು ಮಾತು ಹೇಳಿದ.

“ನಿಮ್ಮಪ್ಪನ ಪೌಡರ್ ಡಬ್ಬಿ ಪಕ್ಕ ಒಂದು ಕಾಗದ ಇತ್ತು. ಬಿಚ್ಚಿದ್ದು. ನಿನ್ನ ಅಕ್ಷರ ನನಗೆ ಗೊತ್ತು ಕಣೇ, ದಿನಾ ನೋಡ್ತೀನಿ. ಕುರ್ಚಿಯಲ್ಲಿ ಕೂತೋನಿಗೆ ಓದೋಕೆ ಬೇರೆ ಏನಿರುತ್ತೆ? ನನ್ನ ಹುಬ್ಬಿನ ಗಾಯದವರೆಗೆ ಓದಿದೆ.”

“ಮೇಡಂಗೆ ಹೇಳಿದ್ಯಾ?” ಅಂದೆ.

“ಗಂಟೆ ವಿಷಯ ಹೇಳಿದೆ. ಕಾಗದದ ವಿಷಯ ಹೇಳಿಲ್ಲ.”

ಕಾಗದ ಸೋಮವಾರ ಬಂತು ಅಂತ ನೀನು ಬರೆದೆ. ಶನಿವಾರವೇ ಅದು ನಿನ್ನ ಕನ್ನಡಿಯ ಮುಂದೆ ಇತ್ತು. ಮುಳ್ಳು ಒಳಗೆ ಬಂದ ಕೂಡಲೇ ನಿನಗೆ ಗೊತ್ತಾಗಿದೆ. ಅವನ ಕೆನ್ನೆಗೆ ಬ್ಲೇಡು ಹಿಡಿದೇ, “ನಮ್ಮ ಹುಡುಗೀನೂ ನಿಮ್ಮ ಆಫೀಸಲ್ಲೇ ಇರೋದು, ತುಂಬ ನಿಯತ್ತಿನವಳು” ಅಂದೆಯಂತೆ. ಟಿವಿ ಆರಿಸಲು ನಿನಗೆ ಎರಡು ಹೆಜ್ಜೆ ಸಾಕಿತ್ತು. ಶುಕ್ರವಾರವೇ ಮಾವನಿಗೆ, ಈ ವಾರ ಪೆಟ್ಟಿಗೆ ತರಬೇಡಿ ಅಂದಿದ್ದರೆ ಸಾಕಿತ್ತು.

ಯಾಕೆ ಅಪ್ಪಾ? ಇಷ್ಟು ದಿನ ನನ್ನ ತಪ್ಪು ಎಷ್ಟು ದೊಡ್ಡದು ಅಂತ ನನಗೆ ಗೊತ್ತಿತ್ತು. ಈಗ ಅದರ ಅಂಚೇ ಸಿಗುತ್ತಿಲ್ಲ.

ಮಗಳು ಸುಳ್ಳು ಹೇಳುವುದಿಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುವ ನೀನು ನನಗೇ ಸುಳ್ಳು ಬರೆದೆ. ಉತ್ತರ ಬರೆ.

ಗಾಳಿ


ನವೆಂಬರ್ 7

ಗಾಳಿ,

ಬರೆಯುತ್ತೇನೆ. ಕತ್ತರಿ ಹಿಡಿಯುವ ಕೈಗೆ ಇದು ಕಷ್ಟ.

ಆ ಶನಿವಾರ ನನ್ನ ಟಿವಿ ಆರಿದ್ದರೆ, ನಿಮ್ಮ ಮೇಡಂ ಏನಂದುಕೊಳ್ಳುತ್ತಿದ್ದರು? ಐದು ದಿನದ ಕೆಳಗೆ ಮಗಳ ಮುಖ ನೋಡಿ ಪಂದ್ಯ ಓಡುತ್ತದೆ ಅಂತ ತಿಳಿದುಕೊಂಡವರು ಅವರು. ಯಾರೋ ಮೊದಲೇ ಹೇಳಿದ್ದಾರೆ ಅಂದುಕೊಳ್ಳುತ್ತಿದ್ದರು. ಆ ಯಾರೋ ಯಾರು ಅಂತ ಹುಡುಕಲು ಅವರಿಗೆ ಬೀದಿ ಸುತ್ತುವ ಕೆಲಸವೂ ಇರಲಿಲ್ಲ.

ನೀನು ಶಾಲೆ ಬಿಟ್ಟು ಬಂದಾಗ ಕುರ್ಚಿಯಲ್ಲಿ ಕೂತವರೆಲ್ಲ ನನಗೆ ಒಂದೊಂದು ಮಾತು ಹೇಳಿದರು. ಗಾಳಿ ಕಣಯ್ಯ, ಎಲ್ಲೂ ನಿಲ್ಲಲ್ಲ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳೇಕೆ. ಆದರೆ ನಿಂತಿದ್ದೀಯ. ನನಗೆ ಹಿಡಿಸದ ಕೆಲಸದಲ್ಲಿ ನಿಂತಿದ್ದೀಯ, ಆದರೆ ನೆಟ್ಟಗೆ ನಿಂತಿದ್ದೀಯ. ನಾನು ಟಿವಿಯ ಸ್ವಿಚ್ಚು ಒತ್ತಿ ಅದನ್ನು ಬೀಳಿಸಲೇ? ಕೈ ಬರಲಿಲ್ಲ.

ಇಲ್ಲಿಯವರೆಗೆ ಬರೆದದ್ದು ಚೆನ್ನಾಗಿ ಕಾಣುತ್ತದೆ. ಮುಂದಿನದು ಚೆನ್ನಾಗಿಲ್ಲ. ಪೆಟ್ಟಿಗೆ ನನ್ನದಾಗಿರಲಿಲ್ಲ. ಕಳೆದುಕೊಂಡದ್ದು ನಿನ್ನ ಡ್ರೈವರ್ ಮಾವ. ಮಗಳನ್ನು ಉಳಿಸಲು ನಾನು ಸ್ನೇಹಿತನನ್ನು ಕೊಟ್ಟೆ, ಅವರನ್ನು ಕೇಳದೆ. ಶುಕ್ರವಾರ ಸಂಜೆ ಅವರು ಅಂಗಡಿಯ ಬಾಗಿಲಲ್ಲಿ ನಿಂತು, “ನಾಳೆ ದೊಡ್ಡ ಪಂದ್ಯ, ಬೇಗ ಬರ್ತೀನಿ” ಅಂದರು. ನಾನು, “ಬನ್ನಿ” ಅಂದೆ. ನಿನ್ನ ಕಾಗದ ಆಗ ನನ್ನ ಜೇಬಿನಲ್ಲಿತ್ತು.

ಅವರು ಈಗ ಅಂಗಡಿಗೆ ಬರುತ್ತಿಲ್ಲ. ಗಡ್ಡ ಬಿಟ್ಟಿದ್ದಾರಂತೆ. ಎರಡು ಸಲ ಅವರ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದೆ.

ಕೆಲಸ ಬಿಡಬೇಡ. ಬಿಟ್ಟರೆ ಅವರ ಪೆಟ್ಟಿಗೆ ಸುಮ್ಮಸುಮ್ಮನೆ ಹೋದ ಹಾಗೆ ಆಗುತ್ತದೆ.

ಅಪ್ಪ


ನವೆಂಬರ್ 17

ಅಪ್ಪಾ,

ಕೆಲಸ ಬಿಟ್ಟಿಲ್ಲ. ಆದರೆ ಕಾಗದ ಬರೆದು ನಿನಗೆ ಮುಂಚೆಯೇ ತಿಳಿಸಿದ್ದನ್ನು ಮೇಡಂಗೆ ನಾನೇ ಹೇಳಿದೆ. ಮುಳ್ಳು ತಲೆ ಚಚ್ಚಿಕೊಂಡ. ಏನು ಮಾಡುತ್ತಾರೋ ಮುಂದಿನ ವಾರ ತಿಳಿಸುತ್ತಾರಂತೆ. ನೀನು ಉಳಿಸಿದ್ದನ್ನು ನಾನೇ ಕೈಯಾರೆ ಒಪ್ಪಿಸಿದೆ ಅಂತ ಬೇಸರ ಮಾಡಿಕೊಳ್ಳಬೇಡ. ಮುಚ್ಚಿಟ್ಟುಕೊಂಡು ನೆಟ್ಟಗೆ ನಿಲ್ಲುವುದು ನನಗೆ ಬರುವುದಿಲ್ಲ.

ನಿನ್ನೆ ನಾನು ಊರಿಗೆ ಬಂದಿದ್ದೆ. ನಿನ್ನ ಅಂಗಡಿಗೆ ಬರಲಿಲ್ಲ, ಮೊದಲು ಡ್ರೈವರ್ ಮಾವನ ಮನೆಗೆ ಹೋದೆ. ಮಾವನೇ ಬಾಗಿಲು ತೆಗೆದರು. ಬಿಳಿಗಡ್ಡದಲ್ಲಿ ಮೊದಲು ಗುರುತೇ ಸಿಗಲಿಲ್ಲ. ಅತ್ತೆಯ ಮಂಚವನ್ನು ಕಿಟಕಿಯ ಕಡೆ ತಿರುಗಿಸಿದ್ದಾರೆ. ಟಿವಿ ಇದ್ದ ಕಡೆಗೆ ಈಗ ಅವರ ಬೆನ್ನು. ಅತ್ತೆ, “ಬೀದೀನೂ ಪರವಾಗಿಲ್ಲ ಕಣೇ, ಹಾಡು ಮಾತ್ರ ಇಲ್ಲ” ಅಂದರು. ನನಗೆ ಕೂರಲು ಆಗಲಿಲ್ಲ, ನಿಂತೇ ನನ್ನ ಪಾಲಿನದನ್ನೆಲ್ಲ ಹೇಳಿದೆ. ಗಂಟೆಯ ಗುರುತು ಹೇಳಿಕೊಟ್ಟದ್ದು, ಮೇಡಂ ಕೇಳಿದ್ದು, ನನ್ನ ಮುಖ ನೋಡಿ ಅವರು ತಿಳಿದುಕೊಂಡದ್ದು.

ಮಾವ ಪೂರ್ತಿ ಕೇಳಿದರು. ಆಮೇಲೆ, “ನಿನ್ನನ್ನ ಬೈಯೋಕೆ ನಿಮ್ಮತ್ತೆ ಬಿಡಲ್ಲ, ಅದಕ್ಕೇ ಸುಮ್ನಿದೀನಿ” ಅಂದರು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, “ನಿನ್ನೆ ಯಾರು ಗೆದ್ದರು?” ಅಂದರು. ಶುಕ್ರವಾರದ ಪಂದ್ಯವನ್ನು ನಾನು ಕೆಲಸದ ಮೇಲೆ ನೋಡಿದ್ದೆ. ನಮ್ಮವರು ಗೆದ್ದರು ಅಂದುಬಿಟ್ಟಿದ್ದರೆ ಆ ಮನೆಯಲ್ಲಿ ಒಂದು ಗಳಿಗೆಯಾದರೂ ಬೆಳಕಿರುತ್ತಿತ್ತು. ಸೋತರು ಅಂದೆ. ಹೇಗೆ ಸೋತರು ಅಂತ ಹೇಳಿಸಿಕೊಂಡರು, ಒಂದೊಂದು ಪಾಸೂ ಬಿಡದೆ. ನಾನು ತಪ್ಪಿದಲ್ಲಿ, “ಅವನು ಅಲ್ಲಿರೋಕೆ ಸಾಧ್ಯವೇ ಇಲ್ಲ, ಸರಿಯಾಗಿ ನೆನಪು ಮಾಡ್ಕೋ” ಅಂತ ಗದರಿದರು.

ಹೊರಡುವಾಗ ಬಾಗಿಲ ತನಕ ಬಂದರು. “ಒಂದು ಕೇಳ್ತೀನಿ. ನಿಮ್ಮಪ್ಪನಿಗೆ ಮುಂಚೆಯೇ ಗೊತ್ತಿತ್ತಾ?”

ಇಲ್ಲ ಅನ್ನಬಹುದಿತ್ತು. ನಿನಗೋಸ್ಕರ ಒಂದು ಸಲ ಅನ್ನಬೇಕಿತ್ತೇನೋ. ನಾಲಗೆಯ ತುದಿಯವರೆಗೆ ಬಂತು ಕೂಡ.

“ಅದನ್ನ ಅವರನ್ನೇ ಕೇಳಿ ಮಾವ” ಅಂದೆ.

ಮಾವ ನನ್ನ ಮುಖವನ್ನು ನೋಡುತ್ತ ನಿಂತರು. ನನ್ನ ಮುಖ ನಿನಗೆ ಗೊತ್ತಲ್ಲ ಅಪ್ಪಾ, ಅದರಲ್ಲಿ ಏನೂ ನಿಲ್ಲುವುದಿಲ್ಲ. “ಸರಿ, ಮುಂದಿನ ಶನಿವಾರ ಅಂಗಡಿಗೆ ಹೋಗ್ತೀನಿ” ಅಂದರು.

ಬರುತ್ತಾರೆ. ಬಂದರೆ ಕುರ್ಚಿ ಒರೆಸಿ ಕೂರಿಸು. ಆದರೆ ಎಲ್ಲ ಹೇಳಿ ಮುಗಿಸುವವರೆಗೆ ಅವರ ಮುಖಕ್ಕೆ ನೊರೆ ಹಚ್ಚಬೇಡ. ಬೈಯುವುದಕ್ಕೆ ಅವರಿಗೆ ಬಾಯಿ ಬೇಕು.

ಗಾಳಿ